ಅಳಿಸಿದ ಮೇಲುಗಳಿಗೆ ಟಪಾಲಕ್ಕನ ಸಾಕ್ಷಿ

ನನ್ನನ್ನು ಆಫೀಸಿನಲ್ಲಿ ಎಲ್ಲರೂ 'ಹಲೋ' ಎಂದೇ ಕರೆಯುತ್ತಿದ್ದರು. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ದೂರಿನ ಫೋನು ಎತ್ತುವುದು ನನ್ನ ಕೆಲಸ. ಮೂರನೇ ಮಹಡಿಗೂ ನಾಲ್ಕನೇ ಮಹಡಿಗೂ ನಡುವೆ ಸಿಕ್ಕಿಹಾಕಿಕೊಂಡವರು ಬೈಯುವ ಬೈಗುಳವನ್ನೆಲ್ಲ ಮೊದಲು ಕೇಳಿಸಿಕೊಳ್ಳುತ್ತಿದ್ದವಳು ನಾನು. ನನ್ನ ಮೇಜಿಗೆ ಅಂಟಿಕೊಂಡೇ ಇದ್ದದ್ದು ಟಪಾಲಕ್ಕನ ಮೇಜು. ಹನ್ನೊಂದು ವರ್ಷ ಮೊಣಕೈಗೆ ಮೊಣಕೈ ತಗಲುವಷ್ಟು ಹತ್ತಿರ ಕೂತಿದ್ದೇನೆ. ಹಾಗಾಗಿ ಅವಳ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಧೈರ್ಯದ ವಿಷಯಕ್ಕೆ ಬಂದರೆ ನನಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಅದನ್ನೂ ಮುಚ್ಚಿಡುವುದಿಲ್ಲ.

ಟಪಾಲಕ್ಕ ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದವಳು. ಅವಳಿಗೆ ಕೆಲಸ ಸಿಕ್ಕಿದ್ದು ಅಕ್ಷರ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ. ಬಂದ ಕಾಗದ, ಹೋದ ಕಾಗದ ಎಲ್ಲವನ್ನೂ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯಬೇಕು: ನಂಬರು, ತಾರೀಕು, ಗಂಟೆ, ಯಾರಿಂದ, ಯಾರಿಗೆ, ವಿಷಯ ಏನು, ಯಾರು ತೆಗೆದುಕೊಂಡರು. ಕೊನೆಯ ಕಾಲಮಿನಲ್ಲಿ ಸಹಿ. ಸಹಿ ಇಲ್ಲದೆ ಅವಳ ಮೇಜಿನಿಂದ ಒಂದು ಮದುವೆ ಕರೆಯೋಲೆಯೂ ಆಚೆ ಹೋಗುತ್ತಿರಲಿಲ್ಲ. ಒಮ್ಮೆ ಕಂಪನಿಯ ಯಜಮಾನರಿಗೇ ಅವರ ಸ್ವಂತ ಮಗಳ ಪರೀಕ್ಷೆಯ ಫಲಿತಾಂಶದ ಲಕೋಟೆ ಬಂದಾಗ, "ಇಲ್ಲೊಂದು ಸಹಿ ಹಾಕಿ ಸಾರ್, ಆಮೇಲೆ ಒಡೆದು ನೋಡಿ" ಎಂದಿದ್ದಳು. ಅವರು ಸಹಿ ಹಾಕಿಯೇ ಒಡೆದು ನೋಡಿದ್ದರು. ಮಗಳು ಪಾಸಾಗಿದ್ದಳು.

ಆಫೀಸಿಗೆ ಇ-ಮೇಲ್ ಬಂದ ಹೊಸತರಲ್ಲಿ ಅವಳು ಯಜಮಾನರನ್ನು ಕೇಳಿದಳಂತೆ, "ಇದನ್ನೇನು ಮಾಡಲಿ?" ಅವರು ಯಾವುದೋ ಅವಸರದಲ್ಲಿ, "ಕಾಗದವಾದರೇನು, ಮೇಲಾದರೇನು, ಬಂದದ್ದೆಲ್ಲ ಟಪಾಲೇ ಅಲ್ಲವಾ?" ಅಂದುಬಿಟ್ಟರು. ಅವಳು ಅದನ್ನು ಅಕ್ಷರಶಃ ತೆಗೆದುಕೊಂಡಳು. ಅಂದಿನಿಂದ ಆಫೀಸಿನ ಮೇಲ್ ಪೆಟ್ಟಿಗೆಗೆ ಬಂದ ಪ್ರತಿಯೊಂದು ಮೇಲೂ, ಅಲ್ಲಿಂದ ಹೋದ ಪ್ರತಿಯೊಂದು ಮೇಲೂ ರಿಜಿಸ್ಟರಿನಲ್ಲಿ ಒಂದು ಸಾಲಾಗತೊಡಗಿತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ದಾರ ಕಟ್ಟಿದ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಪರದೆ ನೋಡಿ ಬರೆಯುತ್ತಿದ್ದಳು. ಹೊಸದಾಗಿ ಬಂದವರೆಲ್ಲ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವರೇ.

ಅವರಲ್ಲಿ ಮ್ಯಾನೇಜರು ಮುಂದಿದ್ದರು. ಐದು ವರ್ಷದ ಹಿಂದೆ ಬಂದವರು. ಗರಿಗರಿ ಇಸ್ತ್ರಿ, ಕಿವಿಗೆ ಸದಾ ಫೋನು. "ಏನಮ್ಮಾ, ಕಂಪ್ಯೂಟರಿಗೆ ನೆನಪಿರೋದನ್ನ ನೀನು ಪೆನ್ನಲ್ಲಿ ಬರೀತೀಯಲ್ಲ, ನಾಳೆ ಕಂಪ್ಯೂಟರಿಗೆ ಮರೆವು ಬರುತ್ತಾ?" ಎಂದು ನಗುತ್ತಿದ್ದರು. ಟಪಾಲಕ್ಕ ತಲೆಯೆತ್ತದೆ, "ಬಂದರೆ ಗೊತ್ತಾಗಬೇಕಲ್ಲ ಸಾರ್" ಅನ್ನುತ್ತಿದ್ದಳು. ನಿಲ್ಲಿಸು ಎಂದು ಮಾತ್ರ ಅವರು ಯಾವತ್ತೂ ಹೇಳಲಿಲ್ಲ. ಅಷ್ಟು ಗಮನ ಕೊಡುವ ವಿಷಯ ಅದು ಅಂತ ಅವರಿಗೆ ಅನಿಸಿರಲೇ ಇಲ್ಲ.

ಲಿಫ್ಟ್ ಕಂಪನಿಯಲ್ಲಿದ್ದೂ ಅವಳು ಲಿಫ್ಟ್ ಹತ್ತುತ್ತಿರಲಿಲ್ಲ. ಕೇಳಿದರೆ, "ದಿನಾ ಆ ದೂರುಗಳನ್ನ ಓದೋಳು ನಾನು ತಾನೇ" ಅನ್ನುತ್ತಿದ್ದಳು.

ನಮ್ಮ ಕೈಕೆಳಗೆ ಇದ್ದ ಕಟ್ಟಡಗಳಲ್ಲಿ ಒಂದಕ್ಕೆ ಎಲ್ಲರೂ ಗಡಿಯಾರದ ಕಟ್ಟಡ ಅನ್ನುತ್ತಿದ್ದರು. ಮುಂದುಗಡೆ ಒಂದು ದೊಡ್ಡ ಗಡಿಯಾರ, ನಿಂತು ಎಷ್ಟೋ ವರ್ಷವಾಗಿತ್ತು. ಐದು ಮಹಡಿ, ತುಂಬ ಸಣ್ಣ ಸಣ್ಣ ಆಫೀಸುಗಳು. ಅಲ್ಲಿ ನೆಲ ಒರೆಸುವ ಹೆಂಗಸೊಬ್ಬಳು ಒಂದು ಶನಿವಾರ ಬೆಳಿಗ್ಗೆ ಬಕೀಟು ಹಿಡಿದು ಎರಡನೇ ಮಹಡಿಯಲ್ಲಿ ಲಿಫ್ಟಿನೊಳಗೆ ಕಾಲಿಟ್ಟಳು. ಮೇಲಿನ ಉಕ್ಕಿನ ಹಗ್ಗ ಕಿತ್ತುಕೊಂಡಿತು. ಹಿಡಿಯಬೇಕಾದ ಬ್ರೇಕು ಅರ್ಧಂಬರ್ಧ ಹಿಡಿಯಿತು. ಲಿಫ್ಟು ಹೋಗಿ ನೆಲಕ್ಕೆ ಬಡಿಯಿತು. ಅವಳ ಸೊಂಟದ ಮೂಳೆ, ಎಡಗಾಲು ಎರಡೂ ಮುರಿದವು. ಅವತ್ತು ಬಂದ ಫೋನು ನಾನೇ ಎತ್ತಿದ್ದು. ಆಚೆಯಿಂದ ಯಾರೋ ಒಂದೇ ಸಮನೆ ಕಿರುಚುತ್ತಿದ್ದರು. ಎಷ್ಟು ಹೊತ್ತಾದರೂ ನನಗೆ ವಿಳಾಸ ಕೇಳುವುದಕ್ಕೇ ಬಾಯಿ ಬರಲಿಲ್ಲ.

ಆಕೆ ಪರಿಹಾರಕ್ಕೆ ದಾವೆ ಹೂಡಿದಳು. ಕಂಪನಿಯ ಉತ್ತರ ಚಿಕ್ಕದಾಗಿತ್ತು: ಹಗ್ಗ ಸವೆದಿರುವ ವಿಷಯ ನಮಗೆ ತಿಳಿದೇ ಇರಲಿಲ್ಲ, ಇದು ಅನಿರೀಕ್ಷಿತ. ಆ ಕಟ್ಟಡ ನೋಡಿಕೊಳ್ಳುತ್ತಿದ್ದ ನಮ್ಮ ಮೆಕ್ಯಾನಿಕ್ ಅಷ್ಟರಲ್ಲಿ ಹಡಗಿನ ಕೆಲಸ ಹಿಡಿದು ಸಮುದ್ರದ ಮೇಲಿದ್ದ; ಯಾರ ಕೈಗೂ ಸಿಗುತ್ತಿರಲಿಲ್ಲ. ಆಗ ಆಕೆಯ ವಕೀಲೆ ಕೋರ್ಟಿನಿಂದ ಒಂದು ಸಮನ್ಸ್ ಕಳಿಸಿದರು. ಗಡಿಯಾರದ ಕಟ್ಟಡದ ಲಿಫ್ಟಿನ ಬಗ್ಗೆ ಕಳೆದ ಮೂರು ವರ್ಷದಲ್ಲಿ ಕಂಪನಿಗೆ ಬಂದ, ಕಂಪನಿಯಿಂದ ಹೋದ ಎಲ್ಲ ಮೇಲುಗಳನ್ನೂ ಹಾಜರುಪಡಿಸಬೇಕು ಎಂದು ಅದರಲ್ಲಿತ್ತು.

ಕೋರ್ಟಿನ ಅಮೀನ ಅದನ್ನು ತಂದದ್ದು ಮಂಗಳವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಆ ಗಂಟೆ ನನಗೆ ನೆನಪಿರುವುದಲ್ಲ, ರಿಜಿಸ್ಟರಿನಲ್ಲಿದೆ. ಟಪಾಲಕ್ಕ ಅಮೀನನ ಪ್ರತಿಯ ಮೇಲೆ ತನ್ನ ಸಹಿ ಹಾಕಿಕೊಟ್ಟಳು, ರಿಜಿಸ್ಟರಿನಲ್ಲಿ ಬರೆದಳು, ಮ್ಯಾನೇಜರ ಹತ್ತಿರ ಒಯ್ದು ಸಹಿ ತೆಗೆದುಕೊಂಡಳು. ಅವರು ಫೋನಿನಲ್ಲಿ ಮಾತಾಡುತ್ತಲೇ ಗೀಚಿದರು.

ಗುರುವಾರ ಬೆಳಿಗ್ಗೆ ಅವರು ಅವಳನ್ನು ಕರೆದು, "ಆ ಗಡಿಯಾರದ ಕಟ್ಟಡದ ಮೇಲುಗಳು ಎಷ್ಟಿವೆ ನೋಡಿ ಪಟ್ಟಿ ಮಾಡಿಕೊಡಿ" ಅಂದರು. ಕೋರ್ಟಿಗೆ ಕಳಿಸೋದಕ್ಕೆ ಇರಬೇಕು ಎಂದು ಅವಳು ಅರ್ಧ ದಿನ ಕೂತು ಒಂದೊಂದೇ ತೆರೆದು ನೋಡಿ ಲೆಕ್ಕ ಹಾಕಿದಳು. ನಲವತ್ತಮೂರು. ಪಟ್ಟಿಯನ್ನು ಎಂದಿನಂತೆ ರಿಜಿಸ್ಟರಿನಲ್ಲಿ ನಮೂದಿಸಿ, ಸಹಿ ಹಾಕಿಸಿಕೊಂಡು, ಒಪ್ಪಿಸಿ ಬಂದಳು.

ಶುಕ್ರವಾರ ಮಧ್ಯಾಹ್ನ ನಾನು ಊಟ ಮುಗಿಸಿ ಬಂದಾಗ ಮ್ಯಾನೇಜರ ಕೋಣೆಯ ಗಾಜಿನ ಬಾಗಿಲು ಸ್ವಲ್ಪ ತೆರೆದಿತ್ತು. ಒಳಗೆ ವೈರಣ್ಣ ನಿಂತಿದ್ದ. ಆಫೀಸಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು, ನಲವತ್ತು ದಾಟಿದ ಮನುಷ್ಯ. ಕುತ್ತಿಗೆಗೆ ಯಾವಾಗಲೂ ಒಂದು ವೈರು ಸುತ್ತಿಕೊಂಡಿರುತ್ತಿದ್ದರಿಂದ ಆ ಹೆಸರು. "ಸಮನ್ಸ್ ಬಂದಿದೆಯಲ್ಲ ಸಾರ್" ಎಂದು ಅವನು ತಡವರಿಸಿದ. "ಅದಕ್ಕೇ ಹೇಳ್ತಿರೋದು" ಅಂದರು ಮ್ಯಾನೇಜರು. "ಎರಡು ವರ್ಷ ಮೀರಿದ್ದೆಲ್ಲ ತಾನಾಗಿ ಹೋಗುತ್ತೆ ಅಂತ ಒಂದು ವ್ಯವಸ್ಥೆ ಮಾಡು. ಆ ಕಟ್ಟಡದ್ದು ಹೊಸದಿದ್ರೂ ಹೋಗಲಿ. ಹೋದ ವಾರವೇ ಹೋಯ್ತು ಅಂತ ಬರೆದಿಡು." ಇದನ್ನು ನಾನು ಈ ಎರಡು ಕಿವಿಯಿಂದ ಕೇಳಿದೆ. ಮುಂದೆ ವಕೀಲೆಯ ಕಡೆಯವರು ಫೋನು ಮಾಡಿ, "ನಿಮಗೇನಾದರೂ ಗೊತ್ತಾ?" ಅಂದಾಗ, "ನಾನು ಬರೀ ಫೋನು ಎತ್ತೋಳು, ನನಗೇನೂ ಗೊತ್ತಿಲ್ಲ" ಅಂದವಳೂ ನಾನೇ.

ಸಂಜೆ ಟಪಾಲಕ್ಕ ಮೇಲ್ ಪೆಟ್ಟಿಗೆ ತೆರೆದಾಗ ಅವಳ ಪೆನ್ನು ಗಾಳಿಯಲ್ಲೇ ನಿಂತಿತು. ಹುಡುಕಿದಳು, ಮತ್ತೆ ಹುಡುಕಿದಳು. ಗಡಿಯಾರದ ಕಟ್ಟಡವೇ ಇಲ್ಲ. ನೆಲಸಮ ಮಾಡಿದ ಹಾಗೆ. ಎದ್ದು ವೈರಣ್ಣನ ಹತ್ತಿರ ಹೋದಳು. ಅವನು ಅವಳ ಮುಖ ನೋಡಲಿಲ್ಲ.

"ಅಕ್ಕಾ, ನನಗೆ ಇಬ್ಬರು ಮಕ್ಕಳು" ಅಂದ, ಅಷ್ಟೇ.

"ನಾನು ಕೇಳಿದ್ದು ಅದಲ್ಲವಲ್ಲಪ್ಪ" ಅಂದಳು ಅವಳು. ಆದರೆ ಮತ್ತೇನೂ ಕೇಳದೆ ಬಂದು ಕೂತಳು.

ಸೋಮವಾರ ಮ್ಯಾನೇಜರು ತಾವೇ ಅವಳ ಮೇಜಿಗೆ ಬಂದರು. ಅದೇ ಒಂದು ಆಶ್ಚರ್ಯ. ಕೈಯಲ್ಲಿ ಹೊಚ್ಚ ಹೊಸ ರಿಜಿಸ್ಟರು, ಬೆನ್ನಿಗೆ ಕೆಂಪು ಬಟ್ಟೆ. "ನೋಡಿ, ಆ ಹಳೇದು ಎಷ್ಟು ಹರಿದು ಹೋಗಿದೆ. ಇದರಲ್ಲಿ ನೀಟಾಗಿ ನಕಲು ಮಾಡಿಬಿಡಿ. ಹಾಗೇ ಬೇಡದ ಸಾಲುಗಳಿದ್ರೆ ಬಿಡಿ. ಯಾವುದು ಬೇಡ ಅಂತ ನಾನು ಗುರುತು ಹಾಕಿಕೊಡ್ತೀನಿ."

ಟಪಾಲಕ್ಕ ಹೊಸ ರಿಜಿಸ್ಟರಿನ ಹಾಳೆ ಸವರಿ ನೋಡಿದಳು. "ಕಾಗದ ಒಳ್ಳೇದಿದೆ" ಅಂದಳು. "ನಾಳೆ ಹೇಳ್ತೀನಿ ಸಾರ್."

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅವಳೇ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಎರಡು ಕೋಣೆಯ ಮನೆ, ಕಿಟಕಿಯ ಪಕ್ಕ ಗಂಡನ ಹೊಲಿಗೆ ಯಂತ್ರ. ಗಂಡ ದರ್ಜಿ, ಬಾಯಲ್ಲಿ ಗುಂಡುಸೂಜಿ ಇಟ್ಟುಕೊಂಡೇ ಮಾತಾಡುವ ಅಭ್ಯಾಸ. ಮೂಲೆಯ ಮಂಚದಲ್ಲಿ ಅತ್ತೆ, ಕಿವಿ ಮುಕ್ಕಾಲು ಕೇಳಿಸದು, ನಾಲಿಗೆ ಮಾತ್ರ ಕತ್ತರಿ.

"ಆಗಲ್ಲ ಅಂದರೆ ಏನು ಮಾಡ್ತಾರೆ?" ಅಂದ ಗಂಡ.

"ಕೆಲಸದಿಂದ ತೆಗೀಬಹುದು. ಇನ್ನು ನಾಲ್ಕು ವರ್ಷ ಇದೆ ನಂಗೆ ರಿಟೈರಾಗೋಕೆ."

"ಹೂಂ ಅಂದರೆ?"

"ಸುಳ್ಳು ಬರೆದ ಹಾಗಾಗುತ್ತೆ. ಕೋರ್ಟಿಗೆ ಹೋಗೋ ಪುಸ್ತಕದಲ್ಲಿ."

ಅತ್ತೆ ಮಂಚದಿಂದ, "ಏನು ಅವಳದ್ದು ಗೋಳು?" ಎಂದು ಕೂಗಿದಳು. ಗಂಡ ಕಿವಿಯ ಹತ್ತಿರ ಹೋಗಿ, "ಪುಸ್ತಕ ತಿದ್ದು ಅಂತಾರಂತೆ, ಅಮ್ಮಾ!" ಎಂದು ಕಿರುಚಿದ. ಪಕ್ಕದ ಮನೆಯವರಿಗೂ ವಿಷಯ ತಿಳಿಯಿತು. ಅತ್ತೆ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆಯಾಗಿ ಬಂದ ವಾರದಲ್ಲೇ ನಾನು ಸಕ್ಕರೆ ಡಬ್ಬ ಎಲ್ಲಿಟ್ಟಿದ್ದೆ, ಯಾವತ್ತು ಎಷ್ಟು ಖಾಲಿಯಾಯ್ತು ಅಂತ ನನಗೇ ಒಪ್ಪಿಸಿದೋಳು ಇವಳು. ಮೂವತ್ತು ವರ್ಷ ನನ್ನನ್ನ ಗೋಳು ಹುಯ್ದುಕೊಂಡಿದ್ದಾಳೆ. ಒಂದು ದಿನ ಆ ಮ್ಯಾನೇಜರನ್ನೂ ಹುಯ್ದುಕೊಳ್ಳಲಿ ಬಿಡು!"

ಗಂಡ ನಗು ತಡೆಯಲಾರದೆ ಗುಂಡುಸೂಜಿಗಳನ್ನು ಬಾಯಿಂದ ತೆಗೆದು ಮೇಜಿನ ಮೇಲಿಟ್ಟ. ಆಮೇಲೆ ಹೆಂಡತಿಗೆ ಮೆತ್ತಗೆ ಹೇಳಿದ, "ಹೊಲಿಗೆ ಯಂತ್ರ ಇದೆ ಕಣೇ. ನೀನು ನಿನ್ನ ಮನಸ್ಸು ಹೇಳಿದ್ದನ್ನ ಮಾಡು."

ಮರುದಿನ ಅವಳು ಮ್ಯಾನೇಜರ ಕೋಣೆಗೆ ಹೋಗಿ, "ಆಗಲ್ಲ ಸಾರ್. ಬರೆಯೋಕೆ ನನಗೆ ಸಂಬಳ ಕೊಡ್ತೀರಿ. ಬರೆದದ್ದನ್ನ ಇಲ್ಲ ಅನ್ನಿಸೋದು ನನ್ನ ಕೆಲಸ ಅಲ್ಲ" ಅಂದಳು. ಮ್ಯಾನೇಜರ ಮುಖ ಕಪ್ಪಿಟ್ಟಿತು. "ಹಾಗಾದರೆ ಪುಸ್ತಕ ಇಲ್ಲಿಟ್ಟು ನಾಳೆಯಿಂದ ಬಿಡಿಭಾಗದ ಗೋಡೌನಿಗೆ ಹೋಗಿ" ಅಂದರು.

"ಇಡ್ತೀನಿ ಸಾರ್. ಒಂದು ಸಹಿ ಬೇಕು."

ಅವಳು ಒಂದು ಹಾಳೆಯ ಮೇಲೆ ಬರೆದೇ ತಂದಿದ್ದಳು: 'ಟಪಾಲು ರಿಜಿಸ್ಟರ್ ಹದಿನಾಲ್ಕನೇ ಪುಸ್ತಕ, ಒಂದರಿಂದ ನೂರ ಎಂಬತ್ತೆಂಟು ಪುಟ, ಹರಿಯದ ಸ್ಥಿತಿಯಲ್ಲಿ, ಸ್ವೀಕರಿಸಿದೆ.' ಮ್ಯಾನೇಜರು ಅದನ್ನು ಓದಿ ನಕ್ಕರು. ಇವಳಿಗೆ ಹುಚ್ಚು ಎಂದು ಅವರಿಗೆ ಆಗ ಖಚಿತವಾಗಿರಬೇಕು. ಪೀಡೆ ತೊಲಗಲಿ ಎಂದು ಸಹಿ ಗೀಚಿ, ಪುಸ್ತಕವನ್ನು ಬೀರುವಿಗೆ ಹಾಕಿ ಬೀಗ ಜಡಿದರು. ಹಾಳೆ ಮಡಿಚಿಕೊಂಡು ಹೊರಬಂದ ಟಪಾಲಕ್ಕ ನನ್ನ ಮೇಜಿನ ಹತ್ತಿರ ಒಂದು ನಿಮಿಷ ನಿಂತಳು. "ಹಲೋ, ಗೋಡೌನಲ್ಲಿ ಫೋನಿಲ್ಲವಂತೆ. ಟೀ ಹೊತ್ತಿಗೆ ನೀನೇ ಬಾ" ಅಂದಳು. ನಾನು ಹೋಗಲಿಲ್ಲ. ಮ್ಯಾನೇಜರು ನೋಡಿದರೆ ಎಂಬ ಭಯ.

ಎರಡು ತಿಂಗಳು ಅವಳು ತಗಡಿನ ಮಾಡಿನ ಕೆಳಗೆ ಗ್ರೀಸಿನ ಡಬ್ಬಗಳ ನಡುವೆ ಬೋಲ್ಟು ಎಣಿಸಿದಳು. ಅಷ್ಟರಲ್ಲಿ ಕಂಪನಿ ಕೋರ್ಟಿಗೆ ಪ್ರಮಾಣಪತ್ರ ಕೊಟ್ಟಿತ್ತು, ಮ್ಯಾನೇಜರ ಸಹಿಯಲ್ಲಿ: ನಮ್ಮ ವ್ಯವಸ್ಥೆಯಲ್ಲಿ ಹಳೆಯ ಮೇಲುಗಳು ತಾವಾಗಿ ಅಳಿಯುತ್ತವೆ, ಸಮನ್ಸ್ ಬರುವ ಹಿಂದಿನ ವಾರವೇ ಅಳಿದುಹೋಗಿವೆ, ಅಂಥ ಮೇಲುಗಳು ಇದ್ದವು ಎಂಬುದಕ್ಕೂ ಆಧಾರವಿಲ್ಲ.

ವಕೀಲೆ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಗಂಟಲು ಒಡೆದ ದನಿಯ, ಕುಳ್ಳಗಿನ ಹೆಂಗಸು. ಅವರು ಅಮೀನನ ಪ್ರತಿ ತೆಗೆದು ನೋಡಿದರು. ಅದರಲ್ಲಿ ದುಂಡಗಿನ, ಮುತ್ತು ಪೋಣಿಸಿದಂಥ ಒಂದು ಸಹಿ ಇತ್ತು, ಪಕ್ಕದಲ್ಲಿ ಗಂಟೆ ನಿಮಿಷ ಸಹಿತ. ಇಷ್ಟು ನಿಗಾ ಇರುವ ಮನುಷ್ಯ ಯಾರೋ ಅವರನ್ನು ಸಾಕ್ಷಿಗೆ ಕರೆಯಬೇಕು ಎಂದು ಅವರು ಅರ್ಜಿ ಹಾಕಿದರು.

ಸಾಕ್ಷಿಯ ದಿನ ಆಫೀಸಿನಿಂದ ನಾವು ಐದಾರು ಜನ ಹೋಗಿದ್ದೆವು. ಉದ್ದನೆಯ ಕೋಣೆ, ಎತ್ತರದ ಫ್ಯಾನುಗಳು, ಕೂತರೆ ಕಿರುಗುಟ್ಟುವ ಬೆಂಚುಗಳು. ನೆಲ ಒರೆಸುವ ಆ ಹೆಂಗಸು ಮುಂದಿನ ಸಾಲಿನಲ್ಲಿ ಊರುಗೋಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಟಪಾಲಕ್ಕ ಕಟಕಟೆ ಹತ್ತಿದಳು. ಕನ್ನಡಕದ ದಾರ ಸರಿಮಾಡಿಕೊಂಡಳು.

"ಸಮನ್ಸ್ ತೆಗೆದುಕೊಂಡದ್ದು ನೀವೇ ತಾನೇ?" ವಕೀಲೆ ಕೇಳಿದರು.

"ನಾನೇ."

"ಆವತ್ತು ಗಡಿಯಾರದ ಕಟ್ಟಡದ ಮೇಲುಗಳು ಆಫೀಸಿನಲ್ಲಿ ಇದ್ದವಾ?"

"ಆವತ್ತೂ ಇದ್ದವು. ಎರಡು ದಿನ ಆದಮೇಲೆ ಗುರುವಾರವೂ ಇದ್ದವು. ನಾನೇ ಎಣಿಸಿದೆ. ನಲವತ್ತಮೂರು. ಪಟ್ಟಿ ಮಾಡಿ ಮ್ಯಾನೇಜರಿಗೆ ಕೊಟ್ಟೆ."

ಕಂಪನಿಯ ವಕೀಲರು ಥಟ್ಟನೆ ಎದ್ದರು. "ಇವರಿಗೆ ಹೇಗೆ ನೆನಪಿರುತ್ತೆ? ಬಾಯಿಮಾತು!"

"ನನಗೆ ನೆನಪಿಲ್ಲ ಸ್ವಾಮಿ" ಅಂದಳು ಟಪಾಲಕ್ಕ. "ಪುಸ್ತಕದಲ್ಲಿದೆ. ಮ್ಯಾನೇಜರ ಸಹಿಯೂ ಇದೆ."

ಕೋಣೆಯಲ್ಲಿ ಗುಜುಗುಜು ಎದ್ದಿತು. ಕಂಪನಿಯ ವಕೀಲರು ನಗೆಯ ಮುಖ ಮಾಡಿದರು. "ಅಂದರೆ, ಈ ಕಾಲದಲ್ಲಿ ನೀವು ಒಂದೊಂದು ಮೇಲನ್ನೂ ಪುಸ್ತಕದಲ್ಲಿ ಬರೆದಿಡ್ತೀರಾ? ನಂಬಬೇಕಾ ನಾವು?"

"ನಂಬಬೇಡಿ. ತರಿಸಿ ನೋಡಿ."

"ಎಲ್ಲಿದೆ ಆ ಪುಸ್ತಕ?" ಎಂದು ನ್ಯಾಯಾಧೀಶರೇ ಕೇಳಿದರು. ತೆಳ್ಳಗಿನ ವಯಸ್ಸಾದವರು; ಅಷ್ಟು ಹೊತ್ತೂ ಬರೆದುಕೊಳ್ಳುತ್ತಿದ್ದವರು ಪೆನ್ನು ಕೆಳಗಿಟ್ಟಿದ್ದರು.

ಮ್ಯಾನೇಜರು ಹಿಂದಿನ ಬೆಂಚಿನಿಂದ ಎದ್ದು, "ಅಂಥ ಪುಸ್ತಕ ಯಾವುದೂ ನಮ್ಮಲ್ಲಿಲ್ಲ ಸ್ವಾಮಿ" ಅಂದುಬಿಟ್ಟರು. ಯಾರೂ ಅವರನ್ನು ಕೇಳಿರಲಿಲ್ಲ.

ಟಪಾಲಕ್ಕ ಕೈಚೀಲ ತೆರೆದಳು. ಮಡಿಚಿದ ಹಾಳೆಯನ್ನು ತೆಗೆದು ಬಿಡಿಸಿ ಮುಂದೆ ಚಾಚಿದಳು. "ಪುಸ್ತಕ ಅವರ ಬೀರುವಿನಲ್ಲಿದೆ. ಇದು ರಸೀದಿ."

ನ್ಯಾಯಾಧೀಶರು ಓದಿದರು. ಹಾಳೆಯ ಮೇಲಿಂದ ಕಣ್ಣೆತ್ತಿ ಮ್ಯಾನೇಜರನ್ನು ನೋಡಿದರು. "ಇದು ನಿಮ್ಮ ಸಹಿಯಾ?" ಮ್ಯಾನೇಜರು ಹೌದೆಂದು ತಲೆಯಾಡಿಸಿದರು. "ಕೋರ್ಟಿನ ಸಿಬ್ಬಂದಿ ನಿಮ್ಮ ಜೊತೆ ಬರ್ತಾರೆ. ಮೂರು ಗಂಟೆಗೆ ಪುಸ್ತಕ ಈ ಮೇಜಿನ ಮೇಲಿರಬೇಕು. ನೂರ ಎಂಬತ್ತೆಂಟು ಪುಟವೂ."

ಮೂರಕ್ಕೆ ಹತ್ತು ನಿಮಿಷವಿರುವಾಗಲೇ ಪುಸ್ತಕ ಬಂತು. ಪುಟಗಳೆಲ್ಲ ಇದ್ದವು; ಆ ಪುಸ್ತಕವನ್ನು ಯಾರು ಕೇಳುತ್ತಾರೆ ಎಂದು ಮ್ಯಾನೇಜರು ಬೀಗ ಹಾಕಿದ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ. ವಕೀಲೆ ಆ ಒಡಕು ದನಿಯಲ್ಲಿ ಸಾಲು ಸಾಲಾಗಿ ಓದತೊಡಗಿದರು. 'ಮೆಕ್ಯಾನಿಕ್‌ನಿಂದ. ವಿಷಯ: ಗಡಿಯಾರದ ಕಟ್ಟಡ, ಲಿಫ್ಟಿನ ಹಗ್ಗ ಸವೆದಿರುವ ಬಗ್ಗೆ. ಫೋಟೋ ನಾಲ್ಕು.' ಮತ್ತೆ ಮೂರು ತಿಂಗಳ ನಂತರ, 'ವಿಷಯ: ಹಗ್ಗ ಸವೆದಿರುವ ಬಗ್ಗೆ, ಎರಡನೇ ಸಲ.' ಅದಾದ ಮೇಲೆ, 'ಮೂರನೇ ಸಲ, ತುರ್ತು.' ಕೆಳಗೆ ಮ್ಯಾನೇಜರಿಂದ ಹೋದದ್ದು: 'ವಿಷಯ: ಮುಂದಿನ ವರ್ಷ ನೋಡೋಣ.' ನಾವೆಲ್ಲ ನಕ್ಕಿದ್ದ ಆ ಪುಸ್ತಕ! ಊರುಗೋಲಿನ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಆಗ ಒಂದು ವಿಚಿತ್ರ ನಡೆಯಿತು. ಒಂದು ಸಾಲು ಹೀಗಿತ್ತು: 'ಕಟ್ಟಡದ ಮಾಲೀಕರಿಂದ. ವಿಷಯ: ರಿಪೇರಿಗೆ ಲಿಫ್ಟ್ ನಿಲ್ಲಿಸಲು ಒಪ್ಪಿಗೆ ಇಲ್ಲ.' ಕಂಪನಿಯ ವಕೀಲರು ಮುಳುಗುವವರಿಗೆ ಹಗ್ಗ ಸಿಕ್ಕಂತೆ ನೆಗೆದೆದ್ದರು. "ನೋಡಿ ಸ್ವಾಮಿ! ಮಾಲೀಕರೇ ಬಿಡಲಿಲ್ಲ. ತಪ್ಪು ನಮ್ಮೊಬ್ಬರದೇ ಅಲ್ಲ!"

"ಸರಿ" ಅಂದರು ನ್ಯಾಯಾಧೀಶರು. "ಆ ಮೇಲ್ ತೋರಿಸಿ. ಏನು ಬರೆದಿದ್ದರು, ನೀವು ಏನು ಉತ್ತರ ಕೊಟ್ಟಿರಿ, ನೋಡೋಣ."

ವಕೀಲರು ತಿರುಗಿ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ನೆಲ ನೋಡಿದರು.

"ಅದನ್ನೂ ಅಳಿಸಿಬಿಟ್ಟಿರಾ?" ಅಂದರು ನ್ಯಾಯಾಧೀಶರು. "ನಿಮ್ಮನ್ನು ಕಾಯಬಹುದಾಗಿದ್ದದ್ದನ್ನೂ?"

ಕೊನೆಯ ಬೆಂಚಿನಲ್ಲಿ ಯಾರೋ ಶಾಲೆಯ ಮಕ್ಕಳ ಹಾಗೆ ಕೈ ಎತ್ತಿದರು. ವೈರಣ್ಣ. ಕುತ್ತಿಗೆಯಲ್ಲಿ ವೈರಿರಲಿಲ್ಲ, ಶರ್ಟಿನ ಮೇಲಿನ ಗುಂಡಿಯನ್ನೂ ಹಾಕಿಕೊಂಡಿದ್ದ. "ಅಳಿಸಿದ್ದು ನಾನು ಸ್ವಾಮಿ. ಶುಕ್ರವಾರ, ಸಮನ್ಸ್ ಬಂದಮೇಲೆ. ಅದರ ಹಿಂದಿನ ವಾರದ ತಾರೀಕು ಹಾಕಿದ್ದೂ ನಾನು. ಯಾರು ಹೇಳಿದ್ದು ಅಂತಲೂ ಹೇಳ್ತೀನಿ." ಅವನಿಗೆ ಪ್ರಮಾಣ ಮಾಡಿಸಿ ಕೇಳಿದರು. ಅವನು ಎಲ್ಲವನ್ನೂ ಹೇಳಿದ, ತನ್ನ ಪಾಲಿನದ್ದನ್ನು ಒಂದಿಷ್ಟೂ ಕಡಿಮೆ ಮಾಡದೆ. ಆ ಮಾತುಗಳನ್ನು ನಿಜವೆಂದು ಹೇಳಬಲ್ಲ ಇನ್ನೊಬ್ಬಳು ಆ ಕೋಣೆಯಲ್ಲಿದ್ದಳು. ಅವನು ಇಳಿದು ಬಂದಾಗ ನಾನು ಎದ್ದು ನಿಂತು, ನಾನೂ ಕೇಳಿದ್ದೇನೆ ಅಂದೆ. ಮರುವಾರ ನಾನೂ ಆ ಕಟಕಟೆ ಹತ್ತಿ, ಗಾಜಿನ ಬಾಗಿಲಿನ ಆಚೆ ಕೇಳಿದ್ದನ್ನು ಒಪ್ಪಿಸಿದೆ. ತಡವಾಗಿ, ಆದರೆ ಒಪ್ಪಿಸಿದೆ.

ತೀರ್ಪಿನ ದಿನ ಕೋಣೆ ತುಂಬಿತ್ತು. ಟಪಾಲಕ್ಕನ ಗಂಡ ಬಂದಿದ್ದ. ಅತ್ತೆಯೂ ಹಟ ಹಿಡಿದು ಆಟೋದಲ್ಲಿ ಬಂದು ಮುಂದಿನ ಬೆಂಚಿನಲ್ಲೇ ಕೂತಿದ್ದಳು, ಕೇಳಿಸದಿದ್ದರೂ. ನ್ಯಾಯಾಧೀಶರು ಓದಿದ್ದರಲ್ಲಿ ಕಾನೂನಿನ ಮಾತು ಬಹಳವಿತ್ತು, ಆದರೆ ನಡುವೆ ಒಂದಷ್ಟನ್ನು ನಮ್ಮಂಥವರಿಗೂ ತಿಳಿಯುವ ಹಾಗೆ ಹೇಳಿದರು.

"ದಿನವೂ ಬುಟ್ಟಿ ಖಾಲಿ ಮಾಡುವವನು ಎಂದಿನಂತೆ ಖಾಲಿ ಮಾಡಿದರೆ ಅದು ತಪ್ಪಲ್ಲ. ಆದರೆ ಕೋರ್ಟು 'ಆ ಬುಟ್ಟಿ ತನ್ನಿ' ಎಂದ ಮೇಲೆ ಖಾಲಿ ಮಾಡಿದರೆ, ಅದರಲ್ಲಿದ್ದದ್ದು ಅವನಿಗೆ ವಿರುದ್ಧವಾಗಿತ್ತು ಎಂದೇ ಕೋರ್ಟು ತಿಳಿಯಬಹುದು. ಅಳಿಸಿದವನಿಗೆ ಅನುಮಾನದ ಲಾಭ ಇಲ್ಲ. ಆ ನಲವತ್ತಮೂರು ಮೇಲುಗಳು ನನ್ನ ಮುಂದೆ ಇಲ್ಲ. ಅವು ಏನು ಹೇಳುತ್ತಿದ್ದವೋ ಅದನ್ನು ವಾದಿಯ ಪರವಾಗಿಯೇ ನಾನು ಓದಿಕೊಂಡಿದ್ದೇನೆ."

ದಾವೆ ಪೂರ್ತಿಯಾಗಿ ಆಕೆಯ ಪರವಾಯಿತು. ಕಂಪನಿಯೇ ಆಕೆಯ ಮೊಕದ್ದಮೆಯ ಖರ್ಚನ್ನೂ ಹೊರಬೇಕು ಅಂದರು. ಸುಳ್ಳು ಪ್ರಮಾಣಪತ್ರ ಕೊಟ್ಟದ್ದಕ್ಕೆ, ಸಾಕ್ಷ್ಯ ನಾಶ ಮಾಡಿಸಿದ್ದಕ್ಕೆ ಮ್ಯಾನೇಜರ ಮೇಲೆ ಬೇರೆ ಮೊಕದ್ದಮೆ ಹೂಡಲು ಆದೇಶವಾಯಿತು. ಮರುವರ್ಷ ಅವರಿಗೆ ಆರು ತಿಂಗಳ ಶಿಕ್ಷೆಯೂ ಆಯಿತು. ವೈರಣ್ಣನನ್ನು ನಿಲ್ಲಿಸಿ ಚೆನ್ನಾಗಿ ಗದರಿಸಿದರು, ಹೇಳಿದ್ದನ್ನು ಮಾಡಿದೆ ಎಂಬುದು ನೆಪವಾಗದು ಎಂದರು. ತಾನಾಗಿ ಬಂದು ನಿಜ ಹೇಳಿದ್ದರಿಂದ ಅಷ್ಟಕ್ಕೇ ಬಿಟ್ಟರು. ಅವನು ಹೊರಗೆ ಬಂದು ಗೋಡೆಗೆ ಒರಗಿ ಗಟ್ಟಿಯಾಗಿ ಉಸಿರುಬಿಟ್ಟ.

ಅತ್ತೆ ಮಾತ್ರ ಇಡೀ ಕೋರ್ಟಿಗೆ ಕೇಳುವಂತೆ, "ಏನಾಯ್ತು? ನಮ್ಮವಳು ಗೆದ್ದಳಾ?" ಎಂದು ಕೂಗಿದಳು. ಜವಾನ ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದು ಸನ್ನೆ ಮಾಡಿದ. ನ್ಯಾಯಾಧೀಶರು ಮಾತ್ರ ಕಾಗದ ಜೋಡಿಸುತ್ತ, "ಗೆದ್ದರು ಅಂತ ಹೇಳಿ" ಅಂದರು. ಗಂಡ ಅಮ್ಮನ ಕಿವಿಯಲ್ಲಿ ಹೇಳಿದ. ಮುದುಕಿ ಎರಡು ಕೈಯೆತ್ತಿ ಚಪ್ಪಾಳೆ ತಟ್ಟಿದಳು. ಇಡೀ ಬೆಂಚು ನಕ್ಕಿತು, ನಗುತ್ತಲೇ ನಾವೂ ತಟ್ಟಿದೆವು. ಹೊರಗಿನ ಓಣಿಯಲ್ಲಿ ಊರುಗೋಲಿನ ಹೆಂಗಸು ಟಪಾಲಕ್ಕನ ಹತ್ತಿರ ಬಂದಳು. ಒಬ್ಬರಿಗೊಬ್ಬರು ಅವತ್ತಿನವರೆಗೆ ಒಂದು ಮಾತೂ ಆಡಿದವರಲ್ಲ.

"ನೀವು ಯಾರೋ ಏನೋ, ನನಗಾಗಿ ಇಷ್ಟು ಮಾಡಿದಿರಿ" ಅಂದಳು ಆಕೆ.

"ಅಯ್ಯೋ, ನಿಮಗಾಗಿ ಅಂತ ನಾನೇನೂ ಮಾಡಲಿಲ್ಲ ಕಣಮ್ಮ" ಅಂದಳು ಟಪಾಲಕ್ಕ. "ನನಗೆ ಹಾಗೇ ಮಾಡೋಕೆ ಬರೋದು." ಆಮೇಲೆ ಇಬ್ಬರೂ ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಕೂತು, ಸೊಂಟ ಈಗ ಹೇಗಿದೆ, ಮಗಳು ಎಷ್ಟನೇ ತರಗತಿ ಎಂದು ಅರ್ಧ ಗಂಟೆ ಮಾತಾಡಿದರು.

ಮುಂದಿನ ವಾರ ಯಜಮಾನರು ತಾವೇ ಗೋಡೌನಿಗೆ ಹೋಗಿ ಅವಳನ್ನು ಕರೆದುಕೊಂಡು ಬಂದರು. ಇಡೀ ಆಫೀಸಿನ ಎದುರು, "ಇನ್ನು ಮುಂದೆ ನಮ್ಮ ದಾಖಲೆಗಳೆಲ್ಲ ಇವರ ಜವಾಬ್ದಾರಿ. ಯಾರೇ ಮ್ಯಾನೇಜರಾಗಿ ಬರಲಿ, ಇವರ ಮಾತು ಕೇಳಬೇಕು" ಅಂದರು. ನಾವು ಮತ್ತೆ ಚಪ್ಪಾಳೆ ತಟ್ಟಿದೆವು, ನಾನು ಎಲ್ಲರಿಗಿಂತ ಜೋರಾಗಿ. ಯಜಮಾನರು ಅವಳಿಗೆ ಒಂದು ಕೆಲಸ ಕೊಟ್ಟರು: ಕೋರ್ಟಿನಿಂದ ಕಾಗದ ಬಂದರೆ ಆಫೀಸು ಏನು ಮಾಡಬೇಕು ಎಂದು ಒಂದು ನಿಯಮ ಬರೆಯಬೇಕು. ವಕೀಲರಿಗೆ ಕೊಟ್ಟರೆ ಹತ್ತು ಪುಟ ಬರೀತಾರೆ, ನೀವೇ ಬರೀರಿ ಎಂದರು.

ಅವಳು ನನ್ನ ಪಕ್ಕದ ಮೇಜಿನಲ್ಲೇ ಕೂತು ಬರೆದಳು. ಒಂದೇ ವಾಕ್ಯ: 'ಕೋರ್ಟಿನ ಕಾಗದ ಬಂದ ಕ್ಷಣದಿಂದ, ಅದು ಕೇಳಿದ ಯಾವುದನ್ನೂ ಯಾರೂ ಅಳಿಸಕೂಡದು, ಹರಿಯಕೂಡದು, ಬದಲಿಸಕೂಡದು.'

ಯಜಮಾನರು ಓದಿ, ಮೀಸೆ ತಿರುವಿಕೊಂಡು, "ಚೆನ್ನಾಗಿದೆ. 'ಯಾರೂ' ಅನ್ನೋ ಬದಲು 'ನೌಕರರು' ಅಂತ ಹಾಕೋಣವಾ?" ಅಂದರು.

"ಬೇಡ ಸಾರ್" ಅಂದಳು ಅವಳು. "ಯಾರೂ ಅಂದರೆ ಯಾರೂ. ನೀವೂ ಸೇರಿ."

ಯಜಮಾನರು ಅವಳನ್ನು ನೋಡಿದರು. ಅವರು ಜೇಬಿನಿಂದ ಪೆನ್ನು ತೆಗೆದು, ಹಾಳೆಯ ಕೆಳಗೆ ಎಲ್ಲರಿಗಿಂತ ಮೊದಲು ತಮ್ಮ ಹೆಸರು ಬರೆದರು.